ಎಸ್ಸೆಸ್ಸೆಲ್ಸಿ ಭೂಗೋಳ: ಪಠ್ಯಪುಸ್ತಕವೋ, ಗೈಡೋ, ನಕ್ಷೆ ಅಭ್ಯಾಸವೋ?

ಹತ್ತನೇ ತರಗತಿಯ ಮಗಳಿಗೆ ಯಾವುದು ಒಳ್ಳೆಯದು ಎಂದು ಮಂಡ್ಯದ ಅಕ್ಕ ಒಬ್ಬರು ಕೇಳಿದ್ದಾರೆ.

ಖರ್ಚು ನೋಡಿದರೆ ಪಠ್ಯಪುಸ್ತಕದ ಪಿಡಿಎಫ್ ಉಚಿತ, ಖಾಲಿ ನಕ್ಷೆಗಳು ಅಗ್ಗ. ಗೈಡ್‌ಗೆ ಮಾತ್ರ ದುಡ್ಡು ಬೇಕು.

ಅರ್ಥವಾಗುವ ವಿಷಯದಲ್ಲಿ ಪಠ್ಯಪುಸ್ತಕವೇ ಮುಂದು. ನೈಋತ್ಯ ಮಾನ್ಸೂನ್ ಮಾರುತಗಳು ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲೇ ಹೆಚ್ಚು ಮಳೆ ಸುರಿಸುತ್ತವೆ. ಮೈಸೂರು, ಮಂಡ್ಯ ಮಳೆ ನೆರಳಿನಲ್ಲಿ ಉಳಿಯುತ್ತವೆ. ನಮ್ಮ ಕಬ್ಬು, ಭತ್ತಕ್ಕೆ ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆ ಯಾಕೆ ಬೇಕಾಯಿತೆಂದು ಇಷ್ಟರಿಂದಲೇ ತಿಳಿಯುತ್ತದೆ. ಹೀಗೆ ಕಾರಣ ಹಿಡಿದು ಓದಿದ ಮಗು ಪ್ರಶ್ನೆ ಹೇಗೆ ತಿರುಗಿಸಿ ಕೇಳಿದರೂ ಬರೆಯುತ್ತದೆ. ಗೈಡ್‌ನ ಸಿದ್ಧ ಉತ್ತರದಲ್ಲಿ ಈ ಕೊಂಡಿ ಹೆಚ್ಚಾಗಿ ಸಿಗುವುದಿಲ್ಲ. ಆದರೆ ಬೇಗ ಪುನರಾವರ್ತನೆ ಮಾಡಲು ಅದೇ ಸಲೀಸು.

ನಕ್ಷೆ ಓದಿ ಬರುವುದಲ್ಲ, ಕೈಗೆ ಕೂರಬೇಕು. ಭಾರತದ ಹೊರರೇಖೆ, 23½° ಉತ್ತರದ ಕರ್ಕಾಟಕ ಸಂಕ್ರಾಂತಿ ವೃತ್ತ, 82½° ಪೂರ್ವ ರೇಖಾಂಶ ಇವನ್ನು ದಿನಾ ಬರೆಸಿ.

ಇನ್ನೂ ತಿಂಗಳುಗಳಿದ್ದರೆ ಪಠ್ಯಪುಸ್ತಕದ ಜೊತೆ ನಕ್ಷೆ ಹಿಡಿಸಿ. ಪರೀಕ್ಷೆ ವಾರದಲ್ಲೇ ಇದ್ದರೆ ಗೈಡ್ ಸಾಕು. ಓದಿದ್ದು ತಲೆಯಲ್ಲಿದ್ದೂ ಬರೆಯಲು ತಡವರಿಸುವವರಿಗೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಬರೆಸಿ.