ಮಗಳ ಕ್ಯಾಥೊಲಿಕ್ ಸ್ಕೂಲ್ ರಿವ್ಯೂ, ಮುಖ್ಯವಾಗಿ ಟೀಚರ್ಸ್ ಮಾತಿನ ಬಗ್ಗೆ

ಅಡ್ಮಿಷನ್‌ಗೆ ಮುಂಚೆ ಎಲ್ರೂ ಕೇಳೋದು ರಿಸಲ್ಟ್ ಹೆಂಗೆ ಡಿಸಿಪ್ಲಿನ್ ಹೆಂಗೆ ಅಂತ, ಅವೆರಡ್ರಲ್ಲೂ ಈ ಸ್ಕೂಲಿಗೆ ಕೊರತೆ ಇಲ್ಲ, ಮುಗೀತು. ನಾನ್ ಬರೀತಿರೋದು ಇಲ್ಲಿ ಟೀಚರ್ಸು ಮಕ್ಕಳ ಹತ್ರ ಹೆಂಗ್ ಮಾತಾಡ್ತಾರೆ ಅನ್ನೋದ್ರ ಬಗ್ಗೆ.

ನಮ್ ಹುಡುಗಿ ಲೆಕ್ಕದಲ್ಲಿ ಹಿಂದೆ. ಟೆಸ್ಟ್ ಪೇಪರ್ ವಾಪಸ್ ಬಂದಾಗ ಮಾರ್ಕ್ಸ್ ಕಡಿಮೇನೇ ಇತ್ತು, ಆದ್ರೆ ಕೆಳಗೆ ಮಿಸ್ಸು "ಮೂರನೇ ಸ್ಟೆಪ್ ತನಕ ನೀನ್ ಯೋಚ್ನೆ ಮಾಡಿರೋದು ಸರಿ ಇದೆ, ಅಲ್ಲಿ ಮೈನಸ್ ಬಿಟ್ಟಿದೀಯ, ನಿನ್ ಕೈಲಾಗತ್ತೆ ಅಂತ ಗೊತ್ತಿರೋದಕ್ಕೇ ಇನ್ನೊಂದ್ ಸಲ ಮಾಡು ಅಂತಿದೀನಿ" ಅಂತ ಬರ್ದಿದ್ರು. ಯಾರೂ ಹೇಳ್ದೇನೇ ಕೂತ್ಕೊಂಡ್ ಮಾಡಿದ್ಲು. ಸುಮ್ನೆ ವೆರಿ ಗುಡ್ ಅಂತ ಬರ್ದಿದ್ರೆ ಖಂಡಿತ ಮಾಡ್ತಿರ್ಲಿಲ್ಲ, ಪುಸ್ತಕ ಸರಿಯಾಗ್ ನೋಡ್ದೆ ಹಾಕಿರೋ ವೆರಿ ಗುಡ್ಡು ಮಕ್ಕಳಿಗೆ ಗೊತ್ತಾಗ್ಬಿಡತ್ತೆ. ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1998ರಲ್ಲೇ ಹೊಗಳಿಕೆ ಮಕ್ಕಳ ಮೇಲೆ ಏನ್ ಮಾಡತ್ತೆ ಅನ್ನೋದನ್ನ ಸ್ಟಡಿ ಮಾಡಿ ತೋರ್ಸಿದಾರೆ, ನೀನ್ ಜಾಣ ಅಂತ ಹೊಗಳಿಸ್ಕೊಂಡ ಮಕ್ಕಳು ಕಷ್ಟದ ಪ್ರಶ್ನೆ ಬಂದ್ಮೇಲೆ ಹಿಂದೆ ಸರಿದ್ರು, ಪಟ್ಟ ಶ್ರಮಕ್ಕೆ ಹೊಗಳಿಸ್ಕೊಂಡೋರು ಬಿಡದೆ ಹಿಡ್ಕೊಂಡ್ ಕೂತ್ರು.

ಇನ್ನೊಂದು, ತಪ್ಪು ಮಾಡಿದ್ ಮಗೂನ ಕ್ಲಾಸ್ ಎದುರು ನಿಲ್ಸಿ ಬೈಯೋದು ಇಲ್ಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಪಕ್ಕಕ್ ಕರ್ದು ಮೆಲ್ಲಗೆ ಒಂದೆರಡ್ ಮಾತು ಹೇಳಿ ಕಳಿಸ್ತಾರೆ. ಡಾನ್ ಬಾಸ್ಕೊ ಅನ್ನೋ ಕ್ಯಾಥೊಲಿಕ್ ಪಾದ್ರಿ ಇಟಲಿಯ ಟ್ಯೂರಿನ್‌ನಲ್ಲಿ ಬಡ ಹುಡುಗ್ರನ್ನ ಸೇರಿಸ್ಕೊಂಡು ಮಾಡ್ತಿದ್ದದ್ದೂ ಇದೇ, ಆಟದ್ ಮಧ್ಯೆ ಹುಡುಗನ ಕಿವೀಲಿ ಒಂದ್ ಮಾತು. 1884ರಲ್ಲಿ ರೋಮ್‌ನಿಂದ ಬರ್ದ ಪತ್ರದಲ್ಲಿ, ಮಕ್ಕಳನ್ನ ಪ್ರೀತ್ಸಿದ್ರೆ ಸಾಲದು, ಪ್ರೀತಿಸ್ತಿದಾರೆ ಅಂತ ಆ ಮಕ್ಕಳಿಗೂ ಗೊತ್ತಾಗ್ಬೇಕು ಅನ್ನೋ ಅರ್ಥದಲ್ಲಿ ಹೇಳಿದಾರೆ. ಅವ್ರ ಫೋಟೋ ಹಾಕ್ಕೊಂಡ್ರೆ ಆಗಲ್ಲ, ಕಾರಿಡಾರಲ್ಲಿ ಮಗು ಹೆಸ್ರು ಹಿಡ್ದು ಕರ್ದು ನಿನ್ನೆ ಯಾಕಮ್ಮ ಬರ್ಲಿಲ್ಲ ಅಂತ ಕೇಳ್ಬೇಕು, ಇಲ್ಲಿ ಕೇಳ್ತಾರೆ.

ಬೇಜಾರಾಗಿದ್ದೂ ಹೇಳ್ಬಿಡ್ತೀನಿ. ಒಬ್ರು ಟೀಚರ್ ಹೋಂವರ್ಕ್ ಮಾಡ್ದಿದ್ರೆ ಯೇಸುಗೆ ನಿಮ್ಮೇಲೆ ಬೇಜಾರಾಗತ್ತೆ ಅಂತಾರೆ. ಇದು ತುಂಬಾ ತಪ್ಪು. ಪುಟ್ ಮಕ್ಕಳು ಅದನ್ನ ನಿಜ ಅಂತ ನಂಬ್ತಾರೆ, ರಾತ್ರಿ ಪ್ರಾರ್ಥನೆ ಮಾಡೋಕೇ ಹೆದ್ರುತ್ತವೆ. ಬೋಧಕರಿಗೆ ಕಠಿಣವಾದ ತೀರ್ಪು ಅಂತ ಬೈಬಲ್‌ನಲ್ಲಿ ಯಕೋಬನ ಪತ್ರದ 3ನೇ ಅಧ್ಯಾಯದಲ್ಲಿದೆ, ಅದಾದ್ ತಕ್ಷಣಾನೇ ನಾಲಿಗೆ ಬಗ್ಗೆ ಎಚ್ಚರಿಕೇನೂ ಇದೆ, ಸ್ಟಾಫ್ ಮೀಟಿಂಗ್‌ನಲ್ಲಿ ಒಂದ್ಸಲ ಅದನ್ನ ಓದ್ಲಿ ಅಂತ ನನ್ ಆಸೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಹೇಳ್ದೆ, ಸಿಸ್ಟರ್ ಪೂರ್ತಿ ಕೇಳಿಸ್ಕೊಂಡ್ರು, ಆಮೇಲಿಂದ ಸ್ವಲ್ಪ ಕಡಿಮೆ ಆಗಿದೆ, ನಿಂತಿಲ್ಲ. ಅಸೆಂಬ್ಲೀಲಿ ಚಪ್ಪಾಳೆ ಕೂಡ ರ‍್ಯಾಂಕ್ ಬಂದೋರಿಗೇ ಜಾಸ್ತಿ, ಅದೂ ಬದಲಾಗ್ಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಸೇರಿಸ್ಬೇಕು ಅಂತಿರೋರು ಹೋದಾಗ ಕಂಪ್ಯೂಟರ್ ಲ್ಯಾಬ್ ತೋರ್ಸ್ತಾರೆ, ನೋಡಿ, ಆದ್ರೆ ಪರಿಚಯದ ಯಾವ್ದಾದ್ರೂ ಮಗು ನೋಟ್‌ಬುಕ್ ಇಸ್ಕೊಂಡು ಕೆಂಪು ಇಂಕಲ್ಲಿ ಏನ್ ಬರ್ದಿದಾರೆ ಅಂತ ಓದಿ, ಓದಿನಲ್ಲಿ ಹಿಂದೆ ಇರೋ ಮಗುದೇ ಸಿಕ್ಕಿದ್ರೆ ಇನ್ನೂ ಒಳ್ಳೇದು.