42 ಸಾವಿರದ ಡಿಶ್‌ವಾಷರ್: ಎಂಟು ತಿಂಗಳು ಬಳಸಿದ ಮೇಲೆ

"ಮುಸುರೆ ತೊಳೆಯೋಕೆ 42 ಸಾವಿರ ಸುರಿದ್ಯೇನೋ, ಅಷ್ಟು ದುಡ್ಡಿಗೆ ಏನು ಸುಖ ಸಿಗುತ್ತೆ?" ಮೆಷಿನ್ ಬಂದ ದಿನ ಹಾಸನದಿಂದ ಬಂದಿದ್ದ ಅಮ್ಮ ಕೇಳಿದ್ದಳು. ಈಗ ಉತ್ತರ ಹೇಳಬಹುದು ಅನ್ನಿಸುತ್ತೆ.

ಮೊದಲು ಕೆಲಸದ ವಿಷಯ. ಸ್ಟೀಲ್ ತಟ್ಟೆ, ಲೋಟ, ಗಾಜಿನ ಬಟ್ಟಲು ಫಳಫಳ. ತಳ ಹಿಡಿದ ಪಾತ್ರೆಗೆ ಮಾತ್ರ ಇಂಟೆನ್ಸಿವ್ ಅನ್ನೋ ಜೋರಾಗಿ ತೊಳೆಯೋ ಪ್ರೋಗ್ರಾಂ ಹಾಕಬೇಕು, ಎರಡು ಗಂಟೆ ಮೇಲೆ ಹಿಡಿಯುತ್ತೆ. ಒಂದು ಸಲಕ್ಕೆ ಸುಮಾರು 10 ಲೀಟರ್ ನೀರು, ನಲ್ಲಿ ಬಿಟ್ಟು ತೊಳೆಯೋಕಿಂತ ಎಷ್ಟೋ ಕಡಿಮೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸೋ ಬೆಂಗಳೂರಿನವರಿಗೆ ಇದು ಸಣ್ಣ ಮಾತಲ್ಲ.

ಅಲ್ಯೂಮಿನಿಯಂ ಇಡ್ಲಿ ತಟ್ಟೆ ಹಾಕಿದೆ, ಕಪ್ಪಗಾಗಿ ಹೊರಗೆ ಬಂತು. ಡಿಟರ್ಜೆಂಟಿನಲ್ಲಿ ಕ್ಷಾರ ಜಾಸ್ತಿ, ಜೊತೆಗೆ ಬಿಸಿನೀರು, ಅದಕ್ಕೇ ಹಾಗಾಗೋದಂತೆ. ಫಿಟ್ ಮಾಡೋಕೆ ಬಂದವನು ಈ ಬಗ್ಗೆ ಬಾಯೇ ಬಿಟ್ಟಿರಲಿಲ್ಲ. ಕಬ್ಬಿಣದ ದೋಸೆ ಹಂಚು, ಹಿತ್ತಾಳೆ ದೀಪಾನೂ ಹಾಕಬೇಡಿ. ಬೋರ್‌ವೆಲ್ ನೀರಾದರೆ ಮೆಷಿನ್ನಿನ ಸಾಲ್ಟ್, ಅಂದರೆ ಗಡಸು ನೀರನ್ನು ಮೆದು ಮಾಡೋಕೆ ಹಾಕೋ ಉಪ್ಪು, ತಪ್ಪಿಸಲೇಬೇಡಿ, ಇಲ್ಲದಿದ್ದರೆ ಲೋಟದ ಮೇಲೆ ಬಿಳಿ ಕಲೆ ಕೂರುತ್ತೆ. ಅಡುಗೆ ಉಪ್ಪು ಸುರಿದು ಜಾಣತನ ತೋರಿಸೋಕೆ ಹೋಗಬೇಡಿ.

ಇನ್ನು ಸುಖದ ಮಾತು. ಹಿಂದಿನ ವರ್ಷ ಹೆಚ್ಚುಕಮ್ಮಿ ಇಷ್ಟೇ ದುಡ್ಡಿಗೆ ದೊಡ್ಡ ಟಿವಿ ತಂದಿದ್ದೆ, ಎರಡು ವಾರ ಸಂಭ್ರಮ, ಆಮೇಲೆ ಅದು ಸುಮ್ನೆ ಗೋಡೆ ಮೇಲಿನ ಇನ್ನೊಂದು ವಸ್ತು. ಇದು ಹಾಗಾಗಲಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನಡಾದ ವ್ಯಾಂಕೂವರ್‌ನ 60 ಜನಕ್ಕೆ ಎರಡು ವಾರಾಂತ್ಯ 40 ಡಾಲರ್ ಕೊಟ್ಟು, ಒಂದು ಸಲ ವಸ್ತು ಕೊಳ್ಳಿ, ಇನ್ನೊಂದು ಸಲ ಸಮಯ ಉಳಿಸೋದಕ್ಕೆ ಖರ್ಚು ಮಾಡಿ ಅಂದಿದ್ದರು. ಸಮಯ ಉಳಿಸಿಕೊಂಡ ದಿನವೇ ಅವರಿಗೆ ಜಾಸ್ತಿ ಖುಷಿ ಆಗಿತ್ತಂತೆ. ನಮ್ಮನೇಲೂ ರಾತ್ರಿ ಒಂಬತ್ತೂವರೆಗೆ "ಇವತ್ತು ಯಾರ ಪಾಳಿ" ಅಂತ ಶುರುವಾಗ್ತಿದ್ದ ಜಗಳ ನಿಂತಿದೆ. ನನ್ನ ಮಟ್ಟಿಗೆ 42 ಸಾವಿರ ಅದಕ್ಕೇ ವಸೂಲು. ಉಳಿದ ಮುಕ್ಕಾಲು ಗಂಟೆ ಮೊದಲ ತಿಂಗಳು ಇಬ್ಬರೂ ಟೆರೇಸಲ್ಲಿ ಓಡಾಡಿದೆವು, ಈಗ ಅರ್ಧ ಮೊಬೈಲಿಗೇ ಹೋಗುತ್ತೆ. ಅದಕ್ಕೆ ಮೆಷಿನ್ ಏನು ಮಾಡೀತು?

ಕೈಯಲ್ಲಿ ದುಡ್ಡಿದ್ದು, ಪಾತ್ರೆ ಬಹುಪಾಲು ಸ್ಟೀಲಾದರೆ ತಗೊಳ್ಳಿ. ಕಂತಿನ ಮೇಲೆ ಬೇಡ, ಜಗಳ ಸಿಂಕಿನಿಂದ ಪಾಸ್‌ಬುಕ್ಕಿಗೆ ವರ್ಗಾ ಆಗುತ್ತೆ ಅಷ್ಟೇ.

ಅಮ್ಮ ಮೊನ್ನೆ ಮತ್ತೆ ಬಂದಿದ್ದಳು. ಊಟ ಆದಮೇಲೆ ಪಾತ್ರೆಯನ್ನೆಲ್ಲ ಸೋಪು ಹಾಕಿ ತಿಕ್ಕಿ ತೊಳೆದು ಮೆಷಿನ್ನಿಗೆ ಜೋಡಿಸಿದಳು. ಯಾಕಮ್ಮಾ ಅಂದರೆ, "ಮುಸುರೆ ಹಾಗೇ ಇಟ್ರೆ ಅಷ್ಟು ದುಬಾರಿ ಮೆಷಿನ್ ಗಲೀಜಾಗಲ್ವೇನೋ?"