ತುಂಬುವ ಬೋಲ್ಟು ಬಿಚ್ಚಿಕೊಳ್ಳುವ ಮೊದಲು ಡಿಫರೆನ್ಷಿಯಲ್ ಎಣ್ಣೆ ಇಳಿಸಲು ಬಿಡಬೇಡಿ

ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ನನ್ನ ಪಿಕಪ್‌ನ ಹಿಂದಿನ ಆಕ್ಸಲ್ ಸುಗ್ಗಿಯ ನಡುವೆ ಕೈಕೊಟ್ಟಾಗ, ಹೊರೆ ಹೆಚ್ಚಾಯಿತೆಂದು ಕೆಲವರು, ಗಾಡಿ ಹಳೆಯದಾಯಿತೆಂದು ಕೆಲವರು ಹೇಳಿದರು. ಅದು ಹಾಳಾದದ್ದು ತುಕ್ಕು ಹಿಡಿದ ಒಂದು ಬೋಲ್ಟಿನಿಂದ ಮತ್ತು ಅದನ್ನು ಕಡೆಗಣಿಸಿದ ನನ್ನ ಅವಸರದಿಂದ.

ಹಿಂದಿನ ಆಕ್ಸಲ್‌ನ ನಡುವೆ, ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಅದರ ಹೌಸಿಂಗಿನ, ಅಂದರೆ ಕವಚದ, ಕೆಳಗೆ ಎಣ್ಣೆ ಇಳಿಸುವ ಬೋಲ್ಟು, ಸ್ವಲ್ಪ ಮೇಲೆ ತುಂಬುವ ಬೋಲ್ಟು ಇರುತ್ತವೆ. ಊರಿನ ಗ್ಯಾರೇಜಿನವನು ಮೊದಲು ಕೆಳಗಿನದನ್ನು ಬಿಚ್ಚಿ ಕಪ್ಪು ಎಣ್ಣೆಯನ್ನೆಲ್ಲ ಬಕೆಟ್ಟಿಗೆ ಇಳಿಸಿದ. ಬಳಿಕ ಮೇಲಿನದಕ್ಕೆ ಪಾನಾ ಹಾಕಿದರೆ ಅದರ ತಲೆಯ ಮೂಲೆಗಳು ಸವೆದು ಉರುಟಾದವೇ ಹೊರತು ಬೋಲ್ಟು ಅಲುಗಲಿಲ್ಲ. ಆಗ ಅವನು ಒಳಗಿನ ಗಾಳಿ ಹೊರಹೋಗಲು ಇರುವ ಬ್ರೀದರಿನ ರಂಧ್ರದಿಂದ ಪಿಚಕಾರಿಯಲ್ಲಿ ಅಂದಾಜಿಗೆ ಎಣ್ಣೆ ಹಾಕಿದ. ತುಂಬುವ ರಂಧ್ರದ ಕೆಳ ಅಂಚೇ ಎಣ್ಣೆಯ ಮಟ್ಟದ ಅಳತೆಯಾದ್ದರಿಂದ, ಒಳಗೆ ಎಷ್ಟು ಹೋಯಿತೆಂದು ತಿಳಿಯುವ ದಾರಿಯೇ ಉಳಿಯಲಿಲ್ಲ. ಮರುದಿನ ಲೋಡಿದೆ ಎಂದು ನಾನೂ ಸುಮ್ಮನಾದೆ.

ಹಾಕಿದ ಎಣ್ಣೆಯೂ ಗೇರ್‌ಬಾಕ್ಸಿಗೆ ಮೀಸಲಾದ ಜಿಎಲ್-4 ದರ್ಜೆಯದು ಎಂಬುದು ಆಮೇಲೆ ಡಬ್ಬ ನೋಡಿದಾಗ ತಿಳಿಯಿತು. ಡಿಫರೆನ್ಷಿಯಲ್‌ನಲ್ಲಿರುವ ಹೈಪಾಯ್ಡ್ ಜೋಡಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು ಕ್ರೌನ್ ಎಂಬ ದೊಡ್ಡ ಗೇರಿನ ನಡುಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಾಗಿರುವ ಜಿಎಲ್-5 ಎಣ್ಣೆ ಬೇಕು. ನನ್ನ ಗಾಡಿಯ ಕೈಪಿಡಿಯಲ್ಲಿ ಎಣ್ಣೆ ಎಷ್ಟು ಮಂದವಿರಬೇಕೆಂಬ ಗುರುತೂ 80ಡಬ್ಲ್ಯೂ-90 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕೈಪಿಡಿ ಸೀಟಿನ ಹಿಂದೆಯೇ ಇತ್ತು.

ಕೆಲವೇ ದಿನಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಗುಂಯ್‌ಗುಡುವ ಸದ್ದು ಶುರುವಾಯಿತು. ಮುಳಬಾಗಿಲು ದಾಟುವಷ್ಟರಲ್ಲಿ ಹೌಸಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಬಿಚ್ಚಿಸಿದಾಗ ಪಿನಿಯನ್ ಬೇರಿಂಗ್ ಪುಡಿಯಾಗಿ, ಪಿನಿಯನ್ನಿನ ಎರಡು ಹಲ್ಲುಗಳು ಚಕ್ಕೆ ಎದ್ದಿದ್ದವು.

ಬಿಡಿಭಾಗದ ಹುಡುಕಾಟದಲ್ಲಿ ನಾನು ಮತ್ತೊಮ್ಮೆ ಎಡವಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ, ಕ್ರೌನ್ ಚೆನ್ನಾಗಿಯೇ ಇರುವಾಗ ಇಡೀ ಸೆಟ್ ಏಕೆ, ಪಿನಿಯನ್ ಒಂದೇ ಸಾಕು ಎಂದರು. ಹಳೆಯದರಲ್ಲೂ ಹೊಸದರಲ್ಲೂ 10 ಹಲ್ಲು, ಕ್ರೌನ್‌ನಲ್ಲಿ 41, ಲೆಕ್ಕ ಸರಿಯಿತ್ತು. ಆದರೆ ಕ್ರೌನ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿಯಾಗಿಸಿ, ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತಿರುತ್ತಾರೆ. ಆ ಸಂಖ್ಯೆಯನ್ನು ಅಂಗಡಿಯವನು ತೋರಿಸಲಿಲ್ಲ, ನಾನು ಕೇಳಲಿಲ್ಲ. ಆ ಪಿನಿಯನ್ ಕೂರಿಸಿದ ಮೇಲೆ ಗಾಡಿ ಮೊದಲಿಗಿಂತ ಜೋರಾಗಿ ಊಳಿಟ್ಟಿತು. ಬಿಡಿಯಾಗಿ ಮಾರಿದ್ದನ್ನು ವಾಪಸು ಪಡೆಯುವುದಿಲ್ಲವೆಂದರು.

ಕೊನೆಗೆ ಸಂಖ್ಯೆ ಹೊಂದುವ ಪೂರ್ತಿ ಸೆಟ್, ಬೇರಿಂಗ್, ಆಯಿಲ್ ಸೀಲ್, ಒಮ್ಮೆ ಅದುಮಿದರೆ ಮತ್ತೆ ಬಳಸಬಾರದ ಪಿನಿಯನ್ ಸ್ಲೀವ್ ಎಲ್ಲವನ್ನೂ ಹೊಸದಾಗಿ ಕೊಂಡು ಬೇರೊಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿದೆ. ಅವರು ಹಲ್ಲುಗಳಿಗೆ ನೀಲಿ ಬಣ್ಣ ಬಳಿದು, ಒಂದಕ್ಕೊಂದು ತಾಗಿದ ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಬದಲಿಸುತ್ತ ಅರ್ಧ ದಿನ ಕೂತರು. ಉರುಟಾದ ಬೋಲ್ಟಿಗೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸಿದಾಗ ಅದು ಹತ್ತು ನಿಮಿಷದೊಳಗೆ ಬಿಚ್ಚಿಕೊಂಡಿತು.